ಯಾರೂ ನಡೆದಿರಲಿಲ್ಲ

ಲೇಸರ್ ಕೋಣೆಯ ಬಾಗಿಲಲ್ಲಿ ಶೂ ಬಿಡುವುದು ಪದ್ಮಜಾ ತಂದ ರೂಢಿ. ದೂರದ ಬೆರ್ರಿಯೆಸಾ ಬಡಾವಣೆಯಿಂದ ಬಾರ್ಟ್ ರೈಲಿನಲ್ಲಿ ಬಂದು ಪ್ರಯೋಗಾಲಯದ ಬೀಗ ತೆಗೆಯುವವಳು, ಯಂತ್ರಗಳನ್ನು ನೋಡಿಕೊಳ್ಳುವವಳು ಅವಳೇ. ಒಳಗಿನ ಯಂತ್ರ ಬೆಳಕಿನಿಂದಲೇ ಪ್ರೋಟೀನಿನ ಒಂದು ಎಳೆಯನ್ನು ಹಿಡಿದು ಮೆಲ್ಲಗೆ ಜಗ್ಗುತ್ತದೆ. ಯಾರಾದರೂ ಹೆಜ್ಜೆ ಊರಿ ನಡೆದರೆ ಪರದೆಯ ಮೇಲೆ ಆ ಜಗ್ಗಾಟ ತೋರಿಸುವ ಗೆರೆ ಅಲುಗುತ್ತದೆ. ಮೈಸೂರಿನ ಮನೆಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಮೊದಲು ಎಲ್ಲರೂ ನಕ್ಕರು. ಲೊರೇನ್ ಮಾತ್ರ ಮರುದಿನವೇ ಹಳದಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಂದಳು.

ಲೊರೇನ್ ಪ್ರಯೋಗಾಲಯದ ಗುಂಪಿನಲ್ಲಿದ್ದ ಒಬ್ಬಳೇ ಕಪ್ಪು ಸಂಶೋಧಕಿ, ಓಕ್‌ಲ್ಯಾಂಡಿನ ಬಸ್ ಚಾಲಕನ ಮಗಳು. ಕಾನ್ಫರೆನ್ಸುಗಳಲ್ಲಿ ಜನ ಕೆಲಸದವಳೆಂದುಕೊಂಡು ಖಾಲಿ ಕಾಫಿ ಲೋಟವನ್ನು ತನ್ನ ಕೈಗೇ ಕೊಡುತ್ತಾರೆಂದು ಅವಳು ನಗುತ್ತಾ ಹೇಳುತ್ತಿದ್ದಳು. ಪದ್ಮಜಾಗೆ ನಗು ಬರುತ್ತಿರಲಿಲ್ಲ.

ಆರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಎಳೆ ಬಿಚ್ಚಿಕೊಳ್ಳುತ್ತಾ ನಡುವೆ ಒಮ್ಮೆ ತಡೆದು ನಿಂತಿತು. ಅಲ್ಲಿಯತನಕ ಯಾರೂ ಕಾಣದ ತಡೆ ಅದು. ಲೊರೇನ್ ಪದ್ಮಜಾಳ ಮೊಣಕೈ ಒತ್ತಿ ಹಿಡಿದಳು. ಇಬ್ಬರೂ ಮಿಸುಕಲಿಲ್ಲ.

ಮೀಟಿಂಗಿನಲ್ಲಿ ಪ್ರಯೋಗಾಲಯದ ಮುಖ್ಯಸ್ಥರು ಆ ಗೆರೆ ನೋಡಿ, ಯಾರೋ ನಡೆದಿರಬೇಕು ಎಂದುಬಿಟ್ಟರು. ಲೊರೇನ್ ಪದ್ಮಜಾಳ ಕಡೆ ತಿರುಗಿದಳು. ಪದ್ಮಜಾಳ ವೀಸಾ ಕಾಗದ ಆ ವಾರ ಮುಖ್ಯಸ್ಥರ ಸಹಿಗಾಗಿ ಕಾದಿತ್ತು. ಅವಳು ನೋಟ್‌ಬುಕ್ಕಿನ ಅಂಚು ನೋಡುತ್ತಾ ಕೂತಳು.

ಲೊರೇನ್ ಮರುದಿನವೂ ಪದ್ಮಜಾಳ ಶೂ ಪಕ್ಕದಲ್ಲೇ ತನ್ನದನ್ನು ಬಿಟ್ಟಳು. ಮತ್ತೆ ಅಳೆದು ನೋಡಲು ಮುಖ್ಯಸ್ಥರು ಯಂತ್ರ ಕೊಡಲಿಲ್ಲ; ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಹೈಸ್ಕೂಲಿನಲ್ಲಿ ಪಾಠ ಮಾಡತೊಡಗಿದಳು. ಮುಂದೆ ಅದೇ ತಡೆಯನ್ನು ಬೇರೆ ಊರಿನವರು ಕಂಡು ಹೆಸರು ಪಡೆದರು. ಕಳೆದ ಚಳಿಗಾಲದಲ್ಲಿ ಲೊರೇನ್ ಕ್ಯಾನ್ಸರಿನಿಂದ ತೀರಿಕೊಂಡಳು.

ಈಗ ಕಪ್ಪು ವಿಜ್ಞಾನಿಗಳನ್ನು ಗೌರವಿಸುವ ವಾರ. ಮುಖ್ಯಸ್ಥರು ದಿನವೂ ಹಾಯುವ ಕಾರಿಡಾರಿನ ಗೋಡೆಯ ತುಂಬ ಫೋಟೊಗಳು. ಹೊಸದಾಗಿ ಸೇರಿದ ಬೆಂಗಳೂರಿನ ಗಾರ್ಗಿ ಲ್ಯಾಪ್‌ಟಾಪ್ ಹಿಡಿದು ಬಂದಳು.

"ಆಂಟಿ, ಲೊರೇನ್ ಬಗ್ಗೆ ನಾಲ್ಕು ಲೈನು ಬರ್ಕೊಡಿ. ನನಗೆ ಅವ್ರು ಗೊತ್ತಿಲ್ಲ. ತುಂಬಾ ಸ್ವೀಟ್ ಪರ್ಸನ್ ಅಂತ ಹಾಕ್ಲಾ?"

"ಬೇಡ."

ಪದ್ಮಜಾ ಹಳೆಯ ಲಾಗ್‌ಬುಕ್ ತೆಗೆದು ದಿನಾಂಕ ಹಾಕಿ ಬರೆದಳು: ಪ್ರೋಟೀನಿನ ಎಳೆಯ ಈ ತಡೆಯನ್ನು ಮೊದಲು ಕಂಡವಳು ಲೊರೇನ್. ಆ ಹೊತ್ತು ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಯಾರೂ ನಡೆದಿರಲಿಲ್ಲ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

ಗಾರ್ಗಿ ಎರಡು ಸಲ ಓದಿದಳು. "ಇದನ್ನ ಅವತ್ತೇ ಹೇಳ್ಬಹುದಿತ್ತಲ್ವಾ, ಆಂಟಿ?"

"ಹೇಳ್ಬಹುದಿತ್ತು."

ಗಾರ್ಗಿ ಅದನ್ನು ಫೋಟೊದ ಕೆಳಗೆ ಅಂಟಿಸಲು ಹೋದಳು. ಪದ್ಮಜಾ ಬಾಗಿಲಲ್ಲಿ ಶೂ ಬಿಟ್ಟಳು. ಪಕ್ಕದಲ್ಲಿ ಇನ್ನೊಂದು ಜೊತೆಗೆ ಜಾಗ ಉಳಿಸುವುದು ಅವಳ ಕಾಲಿಗೇ ರೂಢಿಯಾಗಿಹೋಗಿತ್ತು.