ಚಂದ್ರಿಗೆ ಸೋದರತ್ತೆಯ ಮಗನೇ ಆಗಬೇಕು

ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಕಲ್ಲಣ್ಣ ನಮ್ಮ ಓಣಿಯವ. ತನ್ನ ಮದುವೆಯನ್ನು ಹಿರಿಯರಿಗೆ ಬಿಟ್ಟಿದ್ದ ಈ ಮನುಷ್ಯ, ನಾಯಿಯ ಮದುವೆಗೆ ಮಾತ್ರ ತಾನೇ ಹಿರಿಯನಾಗಿ ನಿಂತ. ಬೇಟೆನಾಯಿ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ನಾಯಿಗಳ ಕಳ್ಳುಬಳ್ಳಿ ನೋಡುವವ ಇವನೊಬ್ಬನೇ. ಇವನ ಹೆಣ್ಣುನಾಯಿ ಚಂದ್ರಿಯ ಅಪ್ಪನೂ, ಮುಂಡರಗಿಯ ತಂಗಿಯ ಮನೆಯಲ್ಲಿರುವ ಗಂಡುನಾಯಿ ಭೀಮನ ಅವ್ವನೂ ಒಡಹುಟ್ಟಿದವು. ಅಂದಮೇಲೆ ಭೀಮ ಸೋದರತ್ತೆಯ ಮಗ. ವರ ಹುಡುಕುವ ಕೆಲಸವೇ ಮುಗಿಯಿತು!

"ಹೊರಗಿನ ಗಂಡು ತಂದ್ರ ತಳಿ ಕೆಡ್ತೈತ್ರಿ. ಹಂಗಂತ ಅಣ್ಣ-ತಂಗಿನ್ನ ಕೂಡಿಸಾಕ ನಾವೇನು ರೀತಿ-ರಿವಾಜು ಇಲ್ಲದವರ?" ಎಂದು ನಮ್ಮನ್ನೇ ಕೇಳಿದ. ಅರಿಷಿಣ ಹಚ್ಚಿಸಿ, ಆರತಿ ಮಾಡಿಸಿ, ಓಣಿಗೆಲ್ಲ ಗೋಧಿ ಹುಗ್ಗಿ ಹಾಕಿಸಿದ. ನಾನೂ ಉಂಡೆ. ಹುಗ್ಗಿ ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂರು ಮರಿ ಹುಟ್ಟಿದವು. ಒಂದು ಹೊಸ್ತಿಲು ಇಳಿಯಲು ಹೋಗಿ ಕಾಲು ಮುರಿದುಕೊಂಡಿತು, ಇನ್ನೊಂದು ಅವ್ವನ ಮೈಮೇಲಿಂದ ಉರುಳಿ ಪಕ್ಕೆಲುಬು. ಎರಡೂ ಉಳಿಯಲಿಲ್ಲ. ಕಲ್ಲಣ್ಣ ತನಿಖೆಗೆ ಇಳಿದ. ಮೊದಲ ಅಪರಾಧಿ ಪಕ್ಕದ ಮನೆಯ ಚೌಡವ್ವನ ಕಣ್ಣು. ಮೆಣಸಿನಕಾಯಿ ಇಳಿಸಿ ಸುಟ್ಟು ಓಣಿಯನ್ನೆಲ್ಲ ಕೆಮ್ಮಿಸಿದ. ಎರಡನೆಯ ಅಪರಾಧಿ ಹೆಂಡತಿ ಉಡಚವ್ವ.

"ಮರಿ ಹಾಲಿಗೆ ನೀರು ಹಾಕಿದ್ದಿ?"

"ನಿಮ್ಮ ಚಾದ ಹಾಲಿಗೆ ಹಾಕ್ತೀನಿ. ಮರಿ ಹಾಲಿಗೆ ಯಾಕ ಹಾಕಲಿ?"

ಉಳಿದ ಮರಿ ಗೌರಿಯ ಮುಂಗಾಲು ಮುರಿದಾಗ ದನದ ಡಾಕ್ಟರ ಬಳಿ ಒಯ್ದ. ಅವರು ಬಿಡಿಸಿ ಹೇಳಿದರು: "ಭೀಮ, ಚಂದ್ರಿ ನೋಡಾಕ ಗಟ್ಟಿ ಅದಾವ. ಆದ್ರ ಒಂದ ದೋಷ ಎರಡರ ರಕ್ತದಾಗೂ ಅಡಗಿ ಕುಂತೈತಿ. ಅದು ಎರಡೂ ಕಡಿಯಿಂದ ಬಂದ್ರ ಮರಿ ಎಲುಬು ಹಪ್ಪಳ ಆಗ್ತಾವ. ಮತ್ತ ಕೂಡಿಸಬ್ಯಾಡ್ರಿ."

ಕಲ್ಲಣ್ಣ ಕೆಂಡವಾದ. "ನಮ್ಮ ಮನೆತನದಾಗ ಅಂಥಾದ್ದೇನಿಲ್ರಿ!" ಮನೆತನ ಯಾರದೆಂದು ಕೇಳುವ ಧೈರ್ಯ ಡಾಕ್ಟರಿಗೂ ಬರಲಿಲ್ಲ. ಮೊದಲ ಹೆರಿಗೆ, ಏನೋ ಗ್ರಹಚಾರ ಎಂದು ಚಂದ್ರಿ ಮತ್ತೆ ಬೆದೆಗೆ ಬರುವುದನ್ನೇ ಕಾಯತೊಡಗಿದ.

"ಭೀಮ ಈ ಮನಿಗೆ ಬಂದ್ರ, ನಾ ಗೌರಿನ್ನ ಕಟ್ಕೊಂಡು ತವರಮನಿಗೆ ಹೋಗ್ತೀನಿ," ಎಂದಳು ಉಡಚವ್ವ. "ಇನ್ನೊಂದು ಮರಿ ಒದ್ದಾಡೂದು ನೋಡೂದು ನನ್ನಿಂದ ಆಗಂಗಿಲ್ಲ."

ಹೆಂಡತಿಯ ಮಾತು ಕೇಳಿದರೆ ಅವ ಕಲ್ಲಣ್ಣ ಹೇಗಾದಾನು? ಚಂದ್ರಿ ಬೆದೆಗೆ ಬಂದದ್ದೇ ತಡ, ಮುಂಡರಗಿಗೆ ಹೋಗಿ ಟಂಟಂ ಆಟೋದಲ್ಲಿ ಭೀಮನನ್ನು ಹೇರಿಕೊಂಡು ಬಂದ. ಅಂಗಳಕ್ಕೆ ಇಳಿದವನೇ ಎಂದಿನಂತೆ ಕೂಗಿದ: "ಗೌರೀ!"

ಆ ದನಿಗೆ ಗೌರಿಗೆ ಎಲ್ಲಿಲ್ಲದ ಖುಷಿ. ಕಾಲಿನ ಕಟ್ಟು ಬಿಚ್ಚಿ ವಾರವೂ ಆಗಿರಲಿಲ್ಲ. ನಿಂತಲ್ಲೇ ಒಮ್ಮೆ ಜಿಗಿಯಿತು, ಅಷ್ಟೇ. ಲಟಕ್ ಎಂದದ್ದು ನನ್ನ ಕಟ್ಟೆಗೂ ಕೇಳಿಸಿತು. ಹಿಂಗಾಲು ಜೋತುಬಿದ್ದಿತ್ತು. ಹಾಗಿದ್ದೂ ಅದು ತೆವಳಿಕೊಂಡು ಕಲ್ಲಣ್ಣನತ್ತಲೇ ಬರುತ್ತಿತ್ತು.

ಕಲ್ಲಣ್ಣ ಕೆಳಗೆ ಕುಳಿತು ಅದನ್ನು ತಡೆದು ಹಿಡಿದ. "ಯಾರೂ ಏನೂ ಮಾಡ್ಲಿಲ್ಲಲ್ಲೋ... ಬರೇ ನಾ ಬಂದೆ," ಎಂದ.

ಅದೇ ಟಂಟಂನಲ್ಲಿ ಗೌರಿ, ಭೀಮ ಎರಡನ್ನೂ ಡಾಕ್ಟರ ಹತ್ತಿರ ಒಯ್ದ. "ಗೌರಿ ಕಾಲು ಕಟ್ರಿ. ಭೀಮಗ ಮರಿ ಆಗದಂಗ ಆಪರೇಶನ್ ಮಾಡ್ರಿ. ಚಂದ್ರಿದು ಬೆದಿ ಇಳಿದ ಮ್ಯಾಲ." ಸಂಬಂಧ ಮುರಿದ ಸುದ್ದಿಯನ್ನು ತಂಗಿಗೆ ಫೋನಿನಲ್ಲಿ ತಾನೇ ಹೇಳಿದ. ತವರಿಗೆ ಹೊರಡಲು ಕಟ್ಟಿದ್ದ ಗಂಟನ್ನು ಉಡಚವ್ವ ಬಿಚ್ಚಿದಳು.

ಗೌರಿ ಬದುಕಿದೆ. ಗಿರಣಿ ಮುಚ್ಚಿ ಬರುವ ಕಲ್ಲಣ್ಣ ಈಗ ಓಣಿಯ ತುದಿಯಲ್ಲೇ ಚಪ್ಪಲಿ ಕಳಚಿ ಕೈಗೆ ತೆಗೆದುಕೊಳ್ಳುತ್ತಾನೆ. ಹಿತ್ತಲಿನಿಂದ ಸದ್ದಿಲ್ಲದೆ ಒಳಗೆ ಬಂದು, ಅದು ಜಿಗಿಯದಂತೆ ಬೆನ್ನ ಮೇಲೆ ಕೈ ಒತ್ತಿ ಹಿಡಿದ ಮೇಲೆಯೇ ಬಾಯಿ ತೆರೆಯುತ್ತಾನೆ: "ಗೌರವ್ವಾ, ನಾ ಬಂದೇನವಾ."