ಖಾಲಿ ಪೀಪಾಯಿಗೆ ಕಿವಿಯಿಟ್ಟವರು

ಡ್ರೆಸರಣ್ಣನ ಬಲಗಿವಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಮುಖ, ಕತ್ತು, ಎಡಗಿವಿ ಎಲ್ಲವೂ ನಮ್ಮ ಸೀಮೆಯ ಬಿಸಿಲುಂಡ ಬಣ್ಣ. ಆ ಒಂದು ಕಿವಿ ಮಾತ್ರ ಬೇರೆ ಯಾರದನ್ನೋ ತಂದು ಅಂಟಿಸಿದಂತೆ ಕಾಣುತ್ತಿತ್ತು. ಶನಿವಾರ ಶನಿವಾರ ತಮ್ಮನ ತಲೆಗೆ ಎಣ್ಣೆಯಿಕ್ಕುತ್ತಿದ್ದ ಅವರ ಅಕ್ಕ ನಮ್ಮ ಜಗಲಿಗೆ ಬಂದು ಕೂತಾಗ ಹೇಳುತ್ತಿದ್ದರು: “ಬ್ಯಾಸ್ಗೇಲೂ ಅದು ಬಾವಿ ಒಳಗ್ಲ ಕಲ್ಲಿದ್ದಂಗೆ ತಣ್ಣಗಿರ್ತದೆ ಕಣವ್ವ. ಮುಟ್ಟುದ್ರೆ ನನ್ ಕೈ ಜುಮ್ ಅಂತದೆ.”

ಕೊಳ್ಳೇಗಾಲದಲ್ಲಿ ನಮ್ಮ ಎದುರು ಮನೆ ಅವರದು. ಊರು ಆಗಿನ್ನೂ ಮದರಾಸು ಸರ್ಕಾರಕ್ಕೆ ಸೇರಿತ್ತು. ಯುದ್ಧದ ಕಾಲದಲ್ಲಿ ಅವರು ಬರ್ಮಾ ಗಡಿಯ ದಂಡಿನ ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟುವ ಡ್ರೆಸರ್ ಆಗಿದ್ದರು. ಯುದ್ಧ ಮುಗಿದ ಮೇಲೆ ದಂಡಿನ ಜೊತೆ ಜಪಾನಿಗೂ ಹೋಗಿ ಬಂದರು. ಮರಳಿದ ಮೇಲೆ ಪೇಟೆಯ ಡಾಕ್ಟರೊಬ್ಬರ ಷಾಪಿನಲ್ಲಿ ಅದೇ ಕೆಲಸ. ಮದುವೆಯಾಗಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನೇ ಅವರಿಗೆ ಅಡಿಗೆ ಮಾಡಿ ಹಾಕುತ್ತಿದ್ದರು.

ಗಾಯ ಕಟ್ಟುವಾಗ ಅವರು ಗಾಯದ ಜೊತೆ ಮಾತಾಡುತ್ತಿದ್ದರು. “ಏನಪ್ಪ, ಇನ್ನೂ ಸಿಟ್ಟಾ? ಆಯ್ತು ಬುಡು, ಇವತ್ತೊಂದಿನ ಉರ್ಕೊ, ನಾಳೀಕೆ ತಣ್ಣಗಾಗು,” ಎನ್ನುವರು. ಕೂತವನು ಅಳುವುದನ್ನು ಮರೆತು ನಗುತ್ತಿದ್ದ. ಅಷ್ಟು ಮೃದುವಾದ ಮನುಷ್ಯನ ಮನೆಯೊಳಗೆ ಕಾಲಿಟ್ಟರೆ ಮಾತ್ರ ಮೈ ಬಿಗಿಯುತ್ತಿತ್ತು. ಅಲ್ಲಿ ಬಾಯಿ ತೆರೆದ ಖಾಲಿ ಪಾತ್ರೆ ಒಂದೂ ಇರುತ್ತಿರಲಿಲ್ಲ. ನೀರಿನ ಹಂಡೆ, ಕೊಡ, ಚೆಂಬು, ಉಪ್ಪಿನ ಮಡಕೆ ಎಲ್ಲವೂ ತುಂಬಿರಬೇಕು. ತುಂಬಲು ಏನೂ ಇಲ್ಲದ್ದನ್ನು ಬೋರಲು ಹಾಕಬೇಕು. ಒಂದು ಸಲ ನಾನು ಮಜ್ಜಿಗೆ ಕೊಟ್ಟು, ತಂದಿದ್ದ ತಂಬಿಗೆಯನ್ನು ಹಾಗೇ ಅವರ ನಡುಮನೆಯಲ್ಲಿ ಇಟ್ಟುಬಿಟ್ಟೆ. ಉಣ್ಣುತ್ತಿದ್ದವರು ತುತ್ತನ್ನು ಬಾಯಿಗಿಡದೆ ಕೂತರು. ಅಕ್ಕ ಓಡಿ ಬಂದು ಅದನ್ನು ಬೋರಲು ಹಾಕಿದ ಮೇಲೆಯೇ ತುತ್ತು ಒಳಗೆ ಹೋಯಿತು.

ಅವರ ಮನೆಗೆ ಬರುತ್ತಿದ್ದ ಹೆಂಗಸರ ಕತೆಯೇ ಬೇರೆ. ಮಧುವನಹಳ್ಳಿ, ಸತ್ತೇಗಾಲ, ಹನೂರು, ಗಡಿಯಾಚೆಯ ಯಳಂದೂರು, ಎಲ್ಲೆಲ್ಲಿಂದಲೋ ಬರುವರು. ಸೆರಗಿನ ಗಂಟಿನಲ್ಲಿ ಒಂದು ಪಟ ಇರುತ್ತಿತ್ತು: ದಂಡಿಗೆ ಸೇರಿದ ದಿನ ಖಾಕಿ ತೊಟ್ಟು ತೆಗೆಸಿಕೊಂಡ ಮಗನದೋ ತಮ್ಮನದೋ ಪಟ. ಯುದ್ಧ ಮುಗಿದರೂ ಬಾರದವರು, ಸತ್ತರೆಂದು ಸುದ್ದಿಯೂ ಬಾರದವರು. ಡ್ರೆಸರಣ್ಣ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುವರು. ಆಮೇಲೆ, “ನೋಡಿವ್ನಿ ಕಣವ್ವ. ನನ್ ವಾರ್ಡ್‌ಗೇ ಬಂದಿದ್ದ. ನೀರ್ ಕೇಳ್ದ, ನಾನೇ ಕುಡಿಸ್ದಿ. ಒಬ್ನೇ ಇರ್ನಿಲ್ಲ,” ಎನ್ನುವರು. ಆ ಹೆಂಗಸರು ಬೀದಿಯಲ್ಲಿ ಅಳುತ್ತ ಹೋಗುವರು. ಆದರೆ ಬರುವಾಗ ಇದ್ದ ನಡಿಗೆ ಹೋಗುವಾಗ ಇರುತ್ತಿರಲಿಲ್ಲ. ಹೊತ್ತಿದ್ದ ಹೊರೆ ಇಳಿಸಿದವರಂತೆ ನಡೆಯುವರು.

ನಾನು ಇದನ್ನೆಲ್ಲ ನಮ್ಮ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ನಮ್ಮ ಮನೆಯಲ್ಲೂ ಅಂಥದೊಂದು ಪಟವಿತ್ತು. ನನ್ನ ಯಜಮಾನರು ಮದುವೆಯಾದ ಮರುವರ್ಷವೇ ದಂಡು ಸೇರಿ, ಬರ್ಮಾ ಗಡಿಯಲ್ಲಿ ರಸ್ತೆ ಮಾಡುವ ಕೆಲಸಕ್ಕೆ ಹೋದವರು. ಕಾಣೆಯಾಗಿದ್ದಾರೆ ಎಂದು ಸರ್ಕಾರದಿಂದ ಬಂದದ್ದೇ ಕೊನೆ. ನಾನು ಕುಂಕುಮ ಇಡುತ್ತಿದ್ದೆ, ಬಳೆ ತೊಡುತ್ತಿದ್ದೆ. ಯಾರ ಮನೆಯ ಆರತಿಗಾದರೂ ಕರೆದರೆ ಹೋಗಲೋ ಬೇಡವೋ ತಿಳಿಯದೆ ಒಳಗೇ ಉಳಿಯುತ್ತಿದ್ದೆ. ಅತ್ತೆ ಬಹಳ ದಿನ ತಡೆದುಕೊಂಡರು. ಎದುರು ಮನೆಯವರನ್ನು ಕೇಳಲು ಅವರಿಗೂ ಭಯ, ನನಗೂ ಭಯ. ಕೊನೆಗೆ ಒಂದು ದಿನ ಮಟಮಟ ಮಧ್ಯಾಹ್ನ ಅವರೇ ಬೀದಿಗಿಳಿದು, ಊಟಕ್ಕೆ ಮನೆಗೆ ಬರುತ್ತಿದ್ದ ಡ್ರೆಸರಣ್ಣನನ್ನು ಕರೆದರು.

“ಮಗ, ಒಂದ್ಗಳಿಗೆ ಬಂದೋಗು. ನಮ್ ಉಡುಗನ್ ಪಟವ ನೋಡು.”

“ದೊಡ್ಡವ್ವ, ನಮ್ಮನೇಗೇ ತಕಂಡ್ ಬನ್ನಿ,” ಎಂದರು ಅವರು.

“ಬಾಗ್ಲಲ್ಲೇ ಇದ್ದೀಯಲ್ಲಪ್ಪ. ಬಾ.”

ಬಂದು ನಡುಮನೆಯ ಚಾಪೆಯ ಮೇಲೆ ಕೂತರು. ಅವರ ಬೆನ್ನ ಹಿಂದೆ ನಮ್ಮ ರಾಗಿ ವಾಡೆ ಇತ್ತು. ಎದೆಮಟ್ಟದ ಮಣ್ಣಿನ ವಾಡೆ. ಹಳೇ ರಾಗಿ ತೀರಿ, ಹೊಸದು ಇನ್ನೂ ಬಾರದೆ ಬರಿದಾಗಿತ್ತು. ಅತ್ತೆ ಪಟ ಕೊಟ್ಟರು. ಅಣ್ಣ ಅದನ್ನು ಎಂದಿನಂತೆ ಬೆಳಕಿಗೆ ಹಿಡಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೀದಿಯಲ್ಲಿ ಮಗ್ಗಗಳ ಸದ್ದು ನಿಂತಿರಲಿಲ್ಲ; ಆದರೂ ನಮ್ಮ ಮನೆಯೊಳಗೆ ಅದು ದೂರದಿಂದ ಬಂದಂತೆ ಕೇಳುತ್ತಿತ್ತು.

ಅವರ ಕಣ್ಣು ಪಟದ ಮೇಲಿತ್ತು. ಕತ್ತು ಮಾತ್ರ ನಿಧಾನವಾಗಿ ಹಿಂದಕ್ಕೆ, ವಾಡೆಯ ಕಡೆಗೆ ವಾಲಿತು. ಯಾರೋ ಕಿವಿಯಲ್ಲಿ ಗುಟ್ಟು ಹೇಳುವಾಗ ನಾವು ವಾಲುತ್ತೇವಲ್ಲ, ಹಾಗೆ. ಹಣೆಯ ಮೇಲೆ ಬೆವರು ಒಡೆಯಿತು. ಒಮ್ಮೆ “ಆಂ?” ಎಂದರು. ಅತ್ತೆ, “ನಾನೇನೂ ಅನ್ನಿಲ್ವಲ್ಲಪ್ಪ,” ಎಂದರು.

ಡ್ರೆಸರಣ್ಣ ಪಟವನ್ನು ಕೆಳಗಿಟ್ಟು ಎದ್ದರು. “ನಂಗೇನೂ ತಿಳೀನಿಲ್ಲ ದೊಡ್ಡವ್ವ. ಇವ್ನು ನನ್ ಕಣ್ಗೆ ಬಿದ್ದಿಲ್ಲ,” ಎಂದು ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಲ್ಲಿ ಬೀದಿ ದಾಟಿ ಹೋದರು. ಅತ್ತೆಯ ಮುಖ ಅರಳಿತು. “ಸತ್ತೋರ್ನೆಲ್ಲ ಕಂಡೋನು, ಇವ್ನ ಕಂಡಿಲ್ಲ ಅಂದ್ನಲ್ಲ. ಅಂಗಾರೆ ಬದ್ಕವ್ನೆ,” ಎಂದರು. ನಾನು ಹೂಂಗುಟ್ಟಿದೆ. ಬಿಟ್ಟುಹೋದ ಚಪ್ಪಲಿಯನ್ನು ಅವರ ಜಗಲಿಗೆ ಮುಟ್ಟಿಸಿ ಬಂದು, ವಾಡೆಯೊಳಗೆ ಇಣುಕಿ ನೋಡಿದೆ. ಏನೂ ಇರಲಿಲ್ಲ. ಮೂಗಿಗೆ ಹಳೇ ರಾಗಿಯ ವಾಸನೆ ಬಡಿಯಿತು, ಅಷ್ಟೆ.

ಅಂದಿನಿಂದ ಅವರು ನಮ್ಮನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಕೆಲವು ವಾರ ಕಳೆದ ಮೇಲೆ, ರೇಷ್ಮೆಗೂಡು ಬೇಯಿಸುವ ಬಾಣಲೆಯ ಬಿಸಿನೀರು ಉಕ್ಕಿ ನನ್ನ ಕೈ ಸುಟ್ಟಿತು. ಅತ್ತೆಗೆ ಹುಷಾರಿರಲಿಲ್ಲ, ಒಬ್ಬಳೇ ಷಾಪಿಗೆ ಹೋದೆ. ಡಾಕ್ಟರು ಊಟಕ್ಕೆ ಹೋಗಿದ್ದರು, ಬೇರೆ ಯಾರೂ ಇರಲಿಲ್ಲ. ಅಣ್ಣ ನನ್ನ ಕೈ ತೊಳೆದು ಮುಲಾಮು ಹಚ್ಚಿದರು. ಆ ದಿನ ಗಾಯದ ಜೊತೆ ಮಾತಾಡಲಿಲ್ಲ. ಬಟ್ಟೆ ಸುತ್ತುತ್ತ, ನನ್ನ ಮುಖ ನೋಡದೆ ಕೇಳಿದರು:

“ತಂಗ್ಯವ್ವ, ನಿಂಗೊಂದ್ ಮಾತ್ ಏಳ್ಬೇಕು. ಎದುರ್ಕತೀಯಾ?”

“ಹೇಳಿ ಅಣ್ಣ,” ಎಂದೆ.

ಅವರು ಹೇಳಿದ್ದು ಜಪಾನಿನ ಕತೆ.

ಅಲ್ಲಿ ಚಳಿಗಾಲ. ಹಂಚಿನ ಮೇಲೆಲ್ಲ ಮಂಜು. ಇವರ ಆಸ್ಪತ್ರೆಯ ಕ್ಯಾಪ್ಟನ್ ಡಾಕ್ಟರಿಗೆ, ಹಳೇ ಕಾಲದ ಹೆಂಡದ ಮನೆಯೊಂದನ್ನು ನೋಡಬೇಕೆಂದು ಆಸೆಯಾಯಿತು. ದುಭಾಷಿಯನ್ನೂ ಇವರನ್ನೂ ಕರೆದುಕೊಂಡು ಹೋದರು.

“ಅದು ಅಕ್ಕಿ ಎಂಡ ಕಣವ್ವ. ಸಾಕೆ ಅಂತಾರೆ. ಅನ್ನವ ಆವೀಲಿ ಬೇಯ್ಸಿ, ಚಾಪೆ ಮೇಲೆ ಅರಡಿ, ಬೇಕಂತ್ಲೇ ಬೂಷ್ಟು ಬರುಸ್ತಾರೆ. ಆಮ್ಯಾಕೆ ಮರದ್ ಪೀಪಾಯ್ಗೆ ಆಕ್ತಾರೆ. ಪೀಪಾಯಿ ಅಂದ್ರೆ ನಮ್ ಮನೆಯಷ್ಟ್ ಎತ್ರ. ಏಣಿ ಆಕಂಡ್ ಅತ್ತಬೇಕು. ಯುದ್ಧಕ್ಕೋದ ಗಂಡಸ್ರು ಇನ್ನೂ ಬಂದಿರ್ನಿಲ್ಲ. ಒಬ್ಬ ಮುದ್ಕ ಮೇಸ್ತ್ರಿ, ಒಂದಷ್ಟ್ ಎಂಗಸ್ರು. ಮನೆ ಯಜಮಾನ್ತಿ ನಿಮ್ಮತ್ತೆ ವಯಸ್ನೋಳು.”

ಒಳಗೆ ಹಗಲಲ್ಲೂ ಕತ್ತಲೆಯಂತೆ. ಯಜಮಾನ್ತಿ ಎಲ್ಲರಿಗೂ ಪುಟ್ಟ ಪಿಂಗಾಣಿ ಬಟ್ಟಲಲ್ಲಿ ರುಚಿಗೆಂದು ಕೊಟ್ಟಳು. ವಿಭೂತಿ ಇಡುವ ಮನೆಯಲ್ಲಿ ಹುಟ್ಟಿದ ಇವರು ಅದುವರೆಗೆ ಮುಟ್ಟಿದವರಲ್ಲ. ಆಕೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಬಾಗಿ ನಿಂತಿದ್ದಳಂತೆ. ಬೇಡವೆನ್ನಲು ಆಗಲಿಲ್ಲ. ಮೊದಲು ಅಕ್ಕಿ ತೊಳೆದ ನೀರಿನ ರುಚಿ, ಆಮೇಲೆ ಸಣ್ಣ ಸಿಹಿ, ಆಮೇಲೆ ಎದೆಯಲ್ಲಿ ಬಿಸಿ. ಮುದುಕ ಮೇಸ್ತ್ರಿ ಒಂದು ಪೀಪಾಯಿಗೆ ಕಿವಿಯಿಡಲು ಸನ್ನೆ ಮಾಡಿದ. ಒಳಗೆ ಹೆಂಡ ಹುಳಿಯುವ ಸದ್ದು, ತೆಂಗಿನ ಗರಿ ಹೊದಿಸಿದ ಮನೆಯ ಮೇಲೆ ಸೋನೆ ಮಳೆ ಬಿದ್ದ ಹಾಗೆ. ಕ್ಯಾಪ್ಟನ್ನರು ನಕ್ಕು ಮುಂದೆ ಹೋದರು. ಇವರು ಪಕ್ಕದ ಪೀಪಾಯಿಗೂ ಕಿವಿಯಿಟ್ಟರು.

“ಅದ್ರೊಳಗೆ ಸೋನೆ ಇರ್ನಿಲ್ಲ ಕಣವ್ವ. ಮನುಷ್ರು. ನನ್ ವಾರ್ಡು. ಬರ್ಮಾ ಗಡೀಲಿ ಅಗ್ಲೂ ರಾತ್ರಿ ಕೇಳಿದ್ನಲ್ಲ, ಅದೇ ಗೊಣ್‌ಗೊಣ. ಯಾವ್ ಭಾಷೆನೋ ತಿಳೀದು. ನೀರ್ ಕೇಳ್ತಾವ್ರೆ ಅನ್ನದ್ ಮಾತ್ರ ತಿಳೀತಿತ್ತು. ಇದ್ರಲ್ಲಿ ಯಾವ್ ಎಂಡ ಅದೆ ಕೇಳಪ್ಪ ಅಂದೆ ದುಭಾಷಿಗೆ. ಆ ಮೇಸ್ತ್ರಿ ಮಕ ಬೆಳ್ಳಗಾಯ್ತು. ಯುದ್ಧ ಸುರುವಾದಾಗ್ಲಿಂದ ಅಕ್ಕಿ ಇಲ್ಲ, ಆ ಪೀಪಾಯಿ ಖಾಲಿ ಅಂದ.”

ಕಿವಿ ತೆಗೆಯಲು ಹೋದರೆ ಬರಲಿಲ್ಲವಂತೆ. ಒದ್ದೆ ಮರ ಹಿಡಿದುಕೊಂಡಿತ್ತು. ಕಿತ್ತುಕೊಂಡಾಗ ಕಿವಿ ಬೆಳ್ಳಗಾಗಿತ್ತು. ಯಜಮಾನ್ತಿ ಏನು ಕೇಳಿಸಿತೆಂದು ದುಭಾಷಿಯ ಬಾಯಲ್ಲಿ ಕೇಳಿಸಿದಳು. ಒಬ್ಬ ನೀರು ಕೇಳುತ್ತಿದ್ದಾನೆ ಎಂದರು. ಆಕೆ ಒಳಗೆ ಹೋಗಿ ಮಗನ ಪಟ ತಂದಳು. ಬರ್ಮಾಕ್ಕೆ ಹೋಗಿ ಬಾರದ ಮಗ.

“ನಾ ಅವ್ನ ಕಂಡೇ ಇಲ್ಲ. ಆದ್ರೂ, ಊಂ ಇವ್ನೇ, ನಾನೇ ನೀರ್ ಕುಡಿಸ್ದಿ ಅಂದ್ಬುಟ್ಟೆ. ಆವಮ್ಮ ನೆಲಕ್ಕೆ ಅಣೆ ಇಟ್ಟು ಎಷ್ಟೊತ್ತಾದ್ರೂ ಏಳ್ನಿಲ್ಲ. ಎದ್ದಾಗ ಮಕದಲ್ಲಿ ಒಂದ್ ನೆಮ್ಮದಿ ಇತ್ತು. ಅದ ಕಂಡೋನು, ಇಲ್ಲಿ ಬಂದೋರ್ಗೆಲ್ಲ ಅದೇ ಸುಳ್ಳ ಏಳ್ಕಂಡ್ ಬಂದೆ. ಯಾರ್ ಪಟ ನೋಡುದ್ರೂ ನಂಗೇನೂ ಕೇಳ್ನಿಲ್ಲ ತಂಗ್ಯವ್ವ. ನಿಮ್ಮನೇಲಿ ಕೇಳ್ತು.”

ನನ್ನ ಕೈಯ ಉರಿ ನಿಂತುಹೋಯಿತು. ಕೈಯೇ ಇಲ್ಲದಂತೆ ಅನಿಸಿತು.

“ಏನು ಕೇಳಿಸ್ತು ಅಣ್ಣ?”

“ಅವ್ನು ನೀರ್ ಕೇಳ್ನಿಲ್ಲ. ಕರ ಎಣ್ಣಾ ಅಂತ ಕೇಳ್ದ. ಎಸ್ರ್ ಇಟ್ಯಾ ಅಂತ ಕೇಳ್ದ. ಅದನ್ನೇ ಮತ್ತೆ ಮತ್ತೆ.”

ನನ್ನ ಯಜಮಾನರು ಹೊರಟ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗಬ್ಬದ ಹಸುವಿನ ಬೆನ್ನು ಸವರುತ್ತ, “ಹೆಣ್ಣ್ ಕರ ಆದ್ರೆ ನಿನ್ನೆಸರೇ ಇಡು. ನಾ ಬಂದು ಇಬ್ರುನ್ನೂ ಒಟ್ಗೆ ಕರೀತೀನಿ,” ಎಂದಿದ್ದರು. ಆಗ ಅಲ್ಲಿ ನಾವಿಬ್ಬರೇ. ನಾಚಿಕೆಗೆ ನಾನದನ್ನು ಅತ್ತೆಗೂ ಹೇಳಿರಲಿಲ್ಲ, ತವರಲ್ಲೂ ಹೇಳಿರಲಿಲ್ಲ. ಆ ಹಸು ಈದು, ಕರು ಬೆಳೆದು, ಮಾರಿಯೂ ಆಗಿತ್ತು.

“ಗಂಡು,” ಎಂದೆ. ಅಣ್ಣನಿಗೆ ಹೇಳಿದ್ದಲ್ಲ. ಯಾರಿಗೆ ಹೇಳಿದೆನೋ. ಔಷಧಿಯ ಬಾಟ್ಲಿಗಳೆಲ್ಲ ತುಂಬಿ ನಿಂತಿದ್ದ ಆ ಕೋಣೆಯಲ್ಲಿ ನನ್ನ ಮಾತು ಯಾವುದಕ್ಕೂ ತಾಗದೆ ಹೊರಗೆ ಹೋದಂತಾಯಿತು. ಡ್ರೆಸರಣ್ಣ ಬೆಚ್ಚಿ ನನ್ನನ್ನು ನೋಡಿದರು. ಬಟ್ಟೆಯ ಗಂಟು ಬಿಗಿದರು.

ಮನೆಗೆ ಹೋಗಿ ಅತ್ತೆಗೆ ಏನೂ ಹೇಳಲಿಲ್ಲ. ಬದುಕಿದ್ದಾನೆ ಎಂದು ಅವರು ದಿನಾ ಸಂಜೆ ಬಸ್ಸಿನ ಹೊತ್ತಿಗೆ ಜಗಲಿಯಲ್ಲಿ ಕೂರುತ್ತಿದ್ದರು. ಅದನ್ನು ಕಿತ್ತುಕೊಳ್ಳಲು ನನಗೆ ಬಾಯಿ ಬರಲಿಲ್ಲ. ಹಾಗೆ ಕುಂಕುಮ ಇಟ್ಟುಕೊಂಡೇ ಉಳಿದೆ.

ಆ ವರ್ಷ ಡ್ರೆಸರಣ್ಣ ಅತ್ತೆಯ ಬೆನ್ನು ಹತ್ತಿದರು. “ಅವ್ನು ಬರಾಗಂಟ ಈ ಎಣ್ಮಗ ಯಾಕ್ ಸುಮ್ಕೆ ಕುಂತಿರ್ಬೇಕು ದೊಡ್ಡವ್ವ? ಕೊಯಮತ್ತೂರ್ಗೆ ಕಳ್ಸಿ. ಎರ್ಗೆ ಕೆಲ್ಸ ಕಲೀಲಿ,” ಎಂದು ದಿನವೂ ಬಂದು ಕೂರುತ್ತಿದ್ದರು. ಬಂದಾಗಲೆಲ್ಲ ವಾಡೆಗೆ ಮುಖ ಮಾಡಿ ಕೂರುವರು, ಬೆನ್ನು ಕೊಡುತ್ತಿರಲಿಲ್ಲ. ಡಾಕ್ಟರಿಂದ ಹೇಳಿಸಿ, ಅರ್ಜಿ ಹಾಕಿಸಿ, ಕೊನೆಗೆ ತಾವೇ ಬಸ್ಸು ಹತ್ತಿಸಿದರು. ಹೆರಿಗೆ ಮಾಡಿಸುವುದನ್ನು ಕಲಿತು ಬಂದೆ. ಹನೂರಿನಲ್ಲಿ ಕೆಲಸವಾಯಿತು. ಅತ್ತೆಯನ್ನೂ ಕರೆದೊಯ್ದೆ. ಮೊದಲ ಕೂಸನ್ನು ಕೈಯಲ್ಲಿ ಹಿಡಿದ ದಿನ, ಅದು ಅಳುವ ಮೊದಲು ಒಂದು ಕ್ಷಣ ಸುಮ್ಮನಿತ್ತಲ್ಲ, ಆಗ ನನ್ನ ಕತ್ತು ತಾನಾಗಿ ಅದರ ಕಡೆ ವಾಲಿತು. ಆಮೇಲೆ ಅದು ಅತ್ತಿತು. ಅಂಥ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕೊಳ್ಳೇಗಾಲ ಮೈಸೂರಿಗೆ ಸೇರುತ್ತದೆಂದು ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ ಡ್ರೆಸರಣ್ಣ ತೀರಿಕೊಂಡರು. ಮಧ್ಯಾಹ್ನ ಉಂಡು ಒರಗಿದವರು ಏಳಲಿಲ್ಲ. ಸುದ್ದಿ ತಿಳಿದು ಅತ್ತೆಯೂ ನಾನೂ ಬಸ್ಸು ಹಿಡಿದು ಬಂದೆವು. ಬೀದಿ ತುಂಬ ಹೆಂಗಸರು. ಯಾರು ಹೇಳಿಕಳಿಸಿದರೋ, ಹಳ್ಳಿ ಹಳ್ಳಿಯಿಂದ ಬಂದಿದ್ದರು. ಒಬ್ಬರೂ ಗಟ್ಟಿಯಾಗಿ ಅಳುತ್ತಿರಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ ಅವರ ಬಲಗೈಯನ್ನು ಕಣ್ಣಿಗೊತ್ತಿಕೊಂಡು, “ನನ್ ಮಗುಂಗೆ ನೀರ್ ಕೊಟ್ಟ ಕೈ,” ಎನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅದನ್ನು ಕೇಳಿದೆ. ಎಲ್ಲರೂ ಅದೇ ಮಾತನ್ನು ಅದೇ ಮೆಲುದನಿಯಲ್ಲಿ ಹೇಳುತ್ತಿದ್ದುದರಿಂದ, ಸ್ವಲ್ಪ ಹೊತ್ತಿನ ಮೇಲೆ ಯಾರ ದನಿ ಯಾವುದೆಂದು ತಿಳಿಯದಾಯಿತು.

ಸತ್ತೇಗಾಲದ ಮುದುಕಿಯೊಬ್ಬಳು ನನ್ನ ಪಕ್ಕ ಬಂದು ನಿಂತಳು. “ನಿಮ್ದೂ ಒಂದ್ ಪಟ ಇತ್ತಂತಲ್ಲವ್ವ. ಏನಂದಿದ್ದ?”

ಅತ್ತೆ ನನ್ನ ಇನ್ನೊಂದು ಪಕ್ಕದಲ್ಲೇ ಇದ್ದರು. ಸುಳ್ಳು ಹೇಳಬಹುದಿತ್ತು. ಅಂದು ಆ ಮನೆಯಲ್ಲಿ ಆಗಲಿಲ್ಲ.

“ಹೋಗ್ಬುಟ್ಟವ್ರೆ ಅಂದ್ರು,” ಎಂದೆ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಮಣ್ಣಿಗೆ ಹೋಗಿ ಬಂದು, ಸ್ನಾನವಾಗಿ, ಬೀಗ ಹಾಕಿದ್ದ ನಮ್ಮ ಹಳೇ ಮನೆಯ ಜಗಲಿಯಲ್ಲಿ ಕೂತ ಮೇಲೆ ಮಾತಾಡಿದರು.

“ನಂಗೊತ್ತಿತ್ತು ಕಣವ್ವ. ಕಂಡಿಲ್ಲ ಅಂದಾಗ್ಲೇ ಅವ್ನ್ ಮಕ ನೋಡ್ದೆ. ನಿಂಗೆ ಗೊತ್ತಿಲ್ಲ ಅಂದ್ಕಂಡಿದ್ದೆ. ನೀನು ನಂಗೋಸ್ಕರ ಕುಂಕುಮ ಇಟ್ಟೆ. ನಾನು ನಿಂಗೋಸ್ಕರ ದಾರಿ ನೋಡ್ದೆ.”

ಅವರು ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ನನ್ನ ಯಜಮಾನರಿಗಾಗಿ ಒಟ್ಟಿಗೆ ಅತ್ತೆವು. ಎದುರು ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಅಕ್ಕ ನೆಲ ಸಾರಿಸುತ್ತಿದ್ದರು. ಆ ಮನೆಯಲ್ಲಿದ್ದ ಮನುಷ್ಯ ನನಗೆ ದುಡಿದುಣ್ಣುವ ಒಂದು ಕೆಲಸ ಕೊಟ್ಟಿದ್ದರು. ಊರಿಗೆಲ್ಲ ಹೇಳಿದ ಸುಳ್ಳನ್ನು ನನಗೆ ಹೇಳದೆ, ಹೆದರಿಕೊಂಡೇ ನಿಜವನ್ನೂ ಹೇಳಿದ್ದರು.