ಅವ್ವನ ಪಟದ ಮುಚ್ಚಿದ ತುಟಿ

ಚಿತ್ರದಲ್ಲಿ ಗಂಭೀರವಾಗಿ ಕುಳಿತವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳ ಮೇಲೆ ದೊರೆಗಳು ಸಾಲುಸಾಲಾಗಿ ಕುಳಿತಿದ್ದಾರೆ. ಒಬ್ಬನ ತುಟಿಯೂ ಅಲುಗಿಲ್ಲ. ಅಷ್ಟು ಜನರಲ್ಲಿ ಒಬ್ಬನಿಗಾದರೂ ನಗು ಬಂದಿರಲಿಲ್ಲವೇ? ಬಂದೇ ಇರುತ್ತದೆ, ಯಾರೋ ಅಳಿಸಿರುತ್ತಾರೆ. ಈ ಅನುಮಾನ ನನಗೆ ನಮ್ಮ ಮನೆಯಲ್ಲೇ ಹುಟ್ಟಿದ್ದು.

ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತಿದ್ದ ಕಾಲ. ಅವ್ವ ತೀರಿಕೊಂಡಾಗ ನನಗೆ ಹದಿನಾರು. ಫೋಟೋದಲ್ಲಿ ನೆರಳು ಹಿಡಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಅವಳು ಒಂದು ಫೋಟೋವನ್ನೂ ತೆಗೆಸಿಕೊಂಡಿರಲಿಲ್ಲ. ತೆಗೆಸಿಕೊಳ್ಳದೆಯೂ ಬೇಗನೆ ಹೋದಳು. ಪಿತೃಪಕ್ಷಕ್ಕೆ ಎಡೆ ಇಡಲು ಎದುರಿಗೊಂದು ಪಟ ಬೇಕಲ್ಲ, ಅದಕ್ಕೆ ಅಪ್ಪ ಕೃಷ್ಣರಾಜಪೇಟೆಯ ನಮ್ಮ ಮನೆಗೆ ಶ್ರೀರಂಗಪಟ್ಟಣದಿಂದ ಒಬ್ಬ ಚಿತ್ರಗಾರನನ್ನು ಕರೆಸಿದರು. ನನ್ನದು ಅವ್ವನದೇ ಮುಖ. ಅವಳ ಸೀರೆ ಉಟ್ಟು ನಾನೇ ಕೂರಬೇಕಾಯಿತು.

ಆತ ಸುರುಳಿ ಬಿಚ್ಚಿ ಹರಡಿದ ಚಿತ್ರದ ಬಟ್ಟೆಯ ಮೇಲೆ ಸೀರೆ, ಬಳೆ, ಕುರ್ಚಿ ಎಲ್ಲ ಆಗಲೇ ಬರೆದಿತ್ತು. ಮುಖದ ಜಾಗ ಮಾತ್ರ ಖಾಲಿ. ಯಾರ ಮನೆಯ ಹೆಂಗಸಿಗಾದರೂ ಹೊಂದುವ ಮೈ! ಇವನು ಮೋಸಗಾರ ಎಂದು ಅಲ್ಲೇ ತೀರ್ಮಾನಿಸಿದೆ.

"ತುಟಿ ಮುಚ್ಕೊಂಡು ಕೂತ್ಕೊ ತಾಯಿ," ಅಂದ.

"ನಮ್ಮವ್ವ ಯಾವಾಗ್ಲೂ ನಗ್ತಾ ಇರ್ತಿದ್ಲು. ಅಂಗೇ ಬರೀರಿ."

ಎಡೆ ಇಡೋ ಪಟದಲ್ಲಿ ನಗುವೇ ಎಂದು ಗೊಣಗಿದ, ಆದರೂ ಬರೆದ. ಸಂಜೆಯ ಹೊತ್ತಿಗೆ ಬಟ್ಟೆಯ ಮೇಲೆ ಅವ್ವ ನಗುತ್ತಿದ್ದಳು. ಸಂತೋಷಕ್ಕೆ ನನಗೆ ಅಳು ಬಂತು.

ಬೆಳಗ್ಗೆ ಎದ್ದು ನೋಡಿದರೆ ಆತ ಮೊದಲ ಬಸ್ಸಿಗೇ ಹೊರಟುಹೋಗಿದ್ದ. ಪಟದಲ್ಲಿ ತುಟಿ ಮುಚ್ಚಿತ್ತು, ಅಲ್ಲಿ ಬಣ್ಣ ಇನ್ನೂ ಹಸಿ. ಅವ್ವ ಯಾರಿಗೋ ಬುದ್ಧಿ ಹೇಳಲು ಕುಳಿತವಳಂತಿದ್ದಳು. ಬದುಕಿದ್ದಾಗ ಒಂದು ದಿನವೂ ಅವಳು ಆ ಕೆಲಸ ಮಾಡಿದವಳಲ್ಲ.

"ಮೋಸ ಮಾಡ್ಬುಟ್ಟ ಕಣಪ್ಪ," ಎಂದು ಕೂಗಾಡಿದೆ.

"ಓಗ್ಲಿ ಬುಡವ್ವ," ಅಂದರು ಅಪ್ಪ.

ನಾನು ಬಿಡಲಿಲ್ಲ. ಮದುವೆಯಾಗಿ ಬಿಂಡಿಗನವಿಲೆ ಸೇರಿದ ಮೇಲೂ ಪ್ರತಿ ಪಿತೃಪಕ್ಷಕ್ಕೆ ತವರಿಗೆ ಬಂದು, ಎಲೆ ಹಾಸುತ್ತಲೇ ಆ ಚಿತ್ರಗಾರನಿಗೆ ಶಾಪ ಹಾಕುತ್ತಿದ್ದೆ. ಬರಬರುತ್ತ ಕಣ್ಣು ಮುಚ್ಚಿದರೂ ಪಟದ ಮುಖವೇ ಕಾಣತೊಡಗಿತು. ಅವ್ವನ ನಗು ನನ್ನಿಂದ ಜಾರಿಹೋಗುತ್ತಿತ್ತು. ಹೆದರಿಕೆಯಾಯಿತು. ಒಂದು ವರ್ಷ, ಆ ಚಿತ್ರಗಾರನನ್ನು ಹುಡುಕಿ ತಂದು ನಗು ಬರೆಸಿಯೇ ಬಿಡುತ್ತೇನೆಂದು ಹೊರಟು ನಿಂತೆ.

ಅಪ್ಪ ಬಾಗಿಲಿಗೆ ಅಡ್ಡ ಬಂದರು. "ಬ್ಯಾಡ ಕಣವ್ವ. ಆವಯ್ಯಂದೇನೂ ತಪ್ಪಿಲ್ಲ. ನಾನೇ ಮುಚ್ಚಿಸ್ದೆ."

ಅಪ್ಪನನ್ನು ನಾನು ಒಂದು ದಿನವೂ ಅನುಮಾನಿಸಿರಲಿಲ್ಲ. ಯಾಕೆ ಅಂತ ಕೇಳಿದೆ.

"ಅಂಗೆ ನಗ್ತಾ ಕೂತಿದ್ರೆ, ಅವಳ ಮುಂದೆ ಎಡೆ ಇಡಾಕೆ ನನ್ ಕೈಲಿ ಆಯ್ತಿರ್ಲಿಲ್ಲ." ಪಟದ ಕಡೆ ತಿರುಗಿ ಕೇಳಿದರು: "ಈಗ ನನಗೆ ಆ ನಗು ಗ್ಯಾಪ್ಕಕ್ಕೇ ಬರಾಕಿಲ್ಲ. ನಿನಗಾದ್ರೂ ಐತಾ?"

ಐತೆ ಅಂತ ಸುಳ್ಳು ಹೇಳಿದೆ.